ಮಕ್ಕಳ ಬ್ಲಾಕು ಮತ್ತು ನಾಲ್ಕೂವರೆ ಅಡಿ

ನನ್ನ ತಂಗಿಯ ಮಗಳು ಈ ವರ್ಷ ಶಾಲೆಯ ಕೆಲಸಕ್ಕೆ ಸೇರಿದಳು. ಮೊದಲ ವಾರ ಮುಗಿಸಿ ಬಂದವಳೇ, "ಮಾವ, ಟ್ರೈನಿಂಗಿನಲ್ಲಿ ಮಕ್ಕಳ ಕೈತೋಟ ಅಂತ ಎಂಟು ಪುಟ ಬರೆಸಿದ್ದಾರೆ. ನೀವು ಆ ಕಾಲದಲ್ಲೇ ಮಾಡಿಸಿದ್ದಿರಂತಲ್ಲ, ನಿಮಗೆ ಗೊತ್ತಿದ್ದನ್ನೂ ಬರೆದುಕೊಡಿ" ಎಂದಳು. ಆ ಎಂಟು ಪುಟ ತೆಗೆದುಕೊಂಡು ಓದಿದೆ. ಬೀಜ ಇದೆ, ಗೊಬ್ಬರ ಇದೆ, ನೀರು ಇದೆ. ಮೇಸ್ತ್ರಿ ಇಲ್ಲ, ಅಜ್ಜಿ ಇಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ.

ನಾನು ಆಮೇಲೆ ಸರ್ಕಾರಿ ಶಾಲೆ ಸೇರಿದ್ದು, ಹೆಡ್‌ಮಾಸ್ಟರಾದದ್ದು, ಹಾರ ಹಾಕಿಸಿಕೊಂಡು ಮನೆಗೆ ಬಂದದ್ದು ಇಲ್ಲಿ ಬೇಡ. ಅದರಿಂದ ಯಾರಿಗೂ ಪಾಠ ಹೇಳಲು ಬರುವುದಿಲ್ಲ. ಎರಡನೆಯ ಮಹಾಯುದ್ಧ ಶುರುವಾಗುವ ಮುಂಚೆ ಮಲ್ಲಂದೂರಿನ ಮೇಲುಗಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮನೆಮೇಷ್ಟ್ರಾಗಿ ಕಳೆದ ಏಳೆಂಟು ತಿಂಗಳಿನದನ್ನೇ ಹೇಳುತ್ತೇನೆ.

ನಮ್ಮ ಮನೆತನದಲ್ಲಿ ಬಿ.ಎ. ಮಾಡಿದವನು ನಾನೇ ಮೊದಲು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಅಪ್ಪ ಎತ್ತಿನಗಾಡಿಯಲ್ಲಿ ಕಾಫಿ ಮೂಟೆ ಸಾಗಿಸುತ್ತಿದ್ದ. ಅವ್ವ ವಸ್ತಾರೆ ಹತ್ತಿರದ ತೋಟದಲ್ಲಿ ಕಾಫಿ ಹಣ್ಣು ಕುಯ್ಯುತ್ತಿದ್ದಳು. ಮೈಸೂರಿನಲ್ಲಿ ನಾನು ಒಂದು ಹಾಸ್ಟೆಲಿನ ಅಡಿಗೆಮನೆಯಲ್ಲಿ ದಿನಾ ತೆಂಗಿನಕಾಯಿ ತುರಿದು ನನ್ನ ಊಟ ಗಿಟ್ಟಿಸಿಕೊಂಡೆ. ತರ್ಕಶಾಸ್ತ್ರದಲ್ಲಿ ಒಂದು ಸಲ ಫೇಲಾಗಿ ಎರಡನೆಯ ಸಲ ಪಾಸಾದೆ. ಹಳೆಯದೊಂದು ಕರಿ ಕೋಟು ಸಂಪಾದಿಸಿದೆ. ಆ ಕೋಟನ್ನು ಮಲಗುವಾಗ ಬಿಟ್ಟರೆ ಬೇರೆ ಹೊತ್ತು ತೆಗೆಯುತ್ತಿರಲಿಲ್ಲ. ತೆಗೆದರೆ ಬಿ.ಎ. ಎಲ್ಲಿದೆ ಅಂತ ಜನಕ್ಕೆ ಗೊತ್ತಾಗುವುದು ಹೇಗೆ?

ಎಸ್ಟೇಟಿನ ಒಡೆಯರು ಸುಬ್ಬೇಗೌಡರು. ಅವರ ಮಗಳು ಜಾನಕಿಗೆ ಹನ್ನೊಂದು, ಮಗ ಶಂಕರನಿಗೆ ಎಂಟು. ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗುವಂತಿರಲಿಲ್ಲ, ಹಾಗಾಗಿ ಮಕ್ಕಳಿಗೆ ಮನೆಯಲ್ಲೇ ಪಾಠ. ತಾಯಿ ತೀರಿಹೋಗಿದ್ದರು. ಮನೆಯೊಳಗೆ ಗೌಡರ ತಾಯಿಯ ಮಾತೇ ಕೊನೆಯ ಮಾತು. ಅವರನ್ನು ಎಲ್ಲರೂ ಅಮ್ಮಾವ್ರು ಎನ್ನುತ್ತಿದ್ದರು.

ಕೆಲಸ ಕೇಳಿಕೊಂಡು ಹೋದ ದಿನ ಗೌಡರು ನನ್ನ ಸರ್ಟಿಫಿಕೇಟನ್ನು ತಲೆಕೆಳಗು ಹಿಡಿದು ನೋಡಿ ಪಕ್ಕಕ್ಕಿಟ್ಟರು.

"ಕೈ ತೋರ್ಸಿ ಮೇಷ್ಟ್ರೇ" ಎಂದರು.

ತೋರಿಸಿದೆ. ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಮೆತ್ತಗಿದೆ. ಬಿ.ಎ. ನಿಜ ಅಂತಾಯ್ತು. ನೋಡಿ, ಪಕ್ಕದ ಎಸ್ಟೇಟಿನ ಬಿಳಿ ದೊರೆ ಮಕ್ಕಳಿಗೆ ಪಾಠ ಹೇಳೋಕೆ ಒಬ್ಬರು ಮಿಸ್ಸಮ್ಮ ಬಂದಿದಾರೆ. ಆ ಮಕ್ಕಳ ಕೈಲಿ ಗಿಡ ನೆಡಿಸ್ತಾರಂತೆ, ಹಕ್ಕಿ ತೋರಿಸ್ತಾರಂತೆ. ನಂದು ಇನ್ನೂರು ಎಕರೆ ಇದೆ. ನನ್ನ ಮಕ್ಕಳಿಗೆ ಅದು ಬೇಡ್ವ? ನಿಮ್ಮ ಬಿ.ಎ.ಲಿ ಗಿಡದ ವಿಷ್ಯ ಇತ್ತೋ?"

"ತರ್ಕಶಾಸ್ತ್ರ ಇತ್ತು. ಅದು ಗಿಡಕ್ಕೂ ಅನ್ವಯಿಸುತ್ತೆ" ಎಂದೆ. ನನ್ನ ವೃತ್ತಿಯ ಮೊದಲ ಸುಳ್ಳು ಅದು.

ಈ ಸುದ್ದಿಯನ್ನು ಅವ್ವನಿಗೆ ಹೇಳಿದಾಗ "ಮಣ್ಣು ಮುಟ್ಟದೆ ಇರ್ಲಿ ಅಂತ ನಿನ್ನ ಓದಿಸಿದ್ದು. ಓದ್ಕೊಂಡು ಬಂದು ಮಣ್ಣಿಗೇ ಸೇರ್ಕೊಂಡ್ಯಾ" ಎಂದಳು. ನಾನು ಇದು ಕೂಲಿಯಲ್ಲ, ಶಿಕ್ಷಣ ಎಂದೆ. "ಗುದ್ಲಿ ಹಿಡೀಬೇಕೋ ಬೇಡ್ವೋ?" ಎಂದು ಕೇಳಿದಳು. ಹಿಡಿಯಬೇಕು ಎಂದೆ. "ಹಂಗಾರೆ ಅದೇ" ಎಂದು ಒಳಗೆ ಹೋದಳು. ಆ ಮಾತು ನನಗೆ ಚುಚ್ಚಿತು. ಗುದ್ದಲಿ ಹಿಡಿದಾಗಲೂ ಕೋಟು ತೆಗೆಯಬಾರದೆಂದು ಅವತ್ತೇ ತೀರ್ಮಾನಿಸಿದೆ.

ಬಂಗಲೆಯ ಹಿಂದೆ, ಹಲಸಿನ ಮರದ ಪಕ್ಕ, ಹತ್ತಡಿ ಅಗಲ ಹನ್ನೆರಡಡಿ ಉದ್ದದ ಜಾಗ ಕೊಟ್ಟರು. ಮೊದಲು ಹುರುಳಿಕಾಯಿ ಬೀಜ ಹಾಕಿಸಿದೆ. ಪ್ರಕೃತಿ ಪಾಠ ಎಂದರೆ ದಿನವೂ ಗಮನಿಸಬೇಕು, ಬೀಜದಲ್ಲಿ ಏನೇನು ಬದಲಾಗುತ್ತದೆಂದು ನೋಡಿ ಬರೆಯಬೇಕು ಎಂದು ಕೋಟಿನ ಗುಂಡಿ ಹಾಕಿಕೊಂಡು ಹೇಳಿದೆ. ಎರಡು ವಾರವಾದರೂ ಒಂದೂ ಮೊಳಕೆ ಮೇಲೆ ಬರಲಿಲ್ಲ. ಬೀಜ ಕೆಟ್ಟದ್ದಿರಬೇಕು ಎಂದುಕೊಂಡು ಜಾನಕಿಯ ಪುಸ್ತಕ ತೆಗೆದು ನೋಡಿದರೆ ಪುಟ ತುಂಬ ವಿವರ: 'ಮೂರನೇ ದಿನ ಬೀಜ ಊದಿದೆ. ನಾಲ್ಕನೇ ದಿನ ಬಿಳಿ ಬಾಲ ಬಂದಿದೆ. ಐದನೇ ದಿನ ಬಾಲ ಮುರಿಯಿತು.'

"ಇದೆಲ್ಲ ನಿಮಗೆ ಹೇಗೆ ಗೊತ್ತಾಯ್ತು?" ಎಂದೆ.

"ನೀವೇ ದಿನಾ ನೋಡಿ ಅಂದ್ರಲ್ಲ ಮೇಷ್ಟ್ರೇ" ಎಂದ ಶಂಕರ. "ಬೆಳಗ್ಗೆ ನಾನು ಅಗೆದು ತೆಗೀತೀನಿ, ಅಕ್ಕ ಬರ್ಕೊಳ್ತಾಳೆ, ಆಮೇಲೆ ವಾಪಸ್ ಹೂಳ್ತೀವಿ."

ಕೆಲಸಕ್ಕೆ ಹೊಸದಾಗಿ ಸೇರುವವರು ಇದನ್ನು ನೆನಪಿಡಿ. ಮಕ್ಕಳು ನಿಮ್ಮ ಮಾತನ್ನು ಕೇಳುವುದಿಲ್ಲ ಎಂದು ಹೆದರಬೇಡಿ. ಕೇಳುತ್ತಾರೆ ಎಂದು ಹೆದರಿ.

ಮಳೆಗಾಲದಲ್ಲಿ ನೆಡುವುದಕ್ಕೆ ಏನೂ ಇರಲಿಲ್ಲ, ಹಾಗಾಗಿ ಲೆಕ್ಕದ ಪಾಠವನ್ನು ಉಂಬಳಗಳಿಂದ ಮಾಡಿದೆ. ನಮ್ಮ ಕಡೆಯ ಕಾಡಿನಲ್ಲಿ ಹತ್ತು ಹೆಜ್ಜೆ ನಡೆದರೆ ಕಾಲಿಗೆ ಉಂಬಳ ಹತ್ತಿ ರಕ್ತ ಹೀರುತ್ತವೆ. ಹಳ್ಳದವರೆಗೆ ಹೋಗಿ ಬಂದು, ಯಾರ ಕಾಲಲ್ಲಿ ಎಷ್ಟು, ಎಡಗಾಲಿಗೆ ಎಷ್ಟು, ಬಲಗಾಲಿಗೆ ಎಷ್ಟು ಎಂದು ಬರೆದು ಸರಾಸರಿ ತೆಗೆಯುವುದು. ಶಂಕರ ಅಂಕ ಜಾಸ್ತಿ ಬರಲಿ ಎಂದು ಹುಲ್ಲಿನಲ್ಲಿದ್ದವನ್ನು ಕೈಯಾರೆ ಹಿಡಿದು ಮೊಣಕಾಲಿಗೆ ಹತ್ತಿಸಿಕೊಂಡು ಬರುತ್ತಿದ್ದ. ಕೋಟು ಹಾಕಿಕೊಂಡಿದ್ದರಿಂದ ನನ್ನವು ಕುತ್ತಿಗೆಯಲ್ಲಿ ಸಿಗುತ್ತಿದ್ದವು. ಸರಾಸರಿಗೆ ಮೂವರಲ್ಲಿ ಯಾರೂ ಮೋಸ ಮಾಡಬಾರದೆಂದು ಜಾನಕಿ ತಮ್ಮನ ಉಂಬಳಗಳನ್ನು ಪರೀಕ್ಷಿಸಿ, ಹೊಟ್ಟೆ ತುಂಬದವನ್ನು ಲೆಕ್ಕದಿಂದ ಹೊಡೆದುಹಾಕುತ್ತಿದ್ದಳು. ಈ ಹುಡುಗಿಗೆ ತಲೆಯಿದೆ ಎಂದು ನನಗೆ ತಿಳಿದದ್ದು ಆಗ.

ಮಳೆ ಮುಗಿದು, ಹಣ್ಣು ಕುಯ್ಲು ಶುರುವಾಯಿತು. ದೊರೆಯ ಬಂಗಲೆಯ ಮಾಲಿಯ ಹತ್ತಿರ ಕಾಡಿಬೇಡಿ ಸೂರ್ಯಕಾಂತಿ ಬೀಜ ತಂದೆ. ಇಪ್ಪತ್ತೆರಡು ಬೀಜ. ಜಾನಕಿ ಬಿಸಿಲಲ್ಲಿ ಇಪ್ಪತ್ತೊಂದು ನೆಟ್ಟಳು. ಶಂಕರ ತನ್ನದೊಂದನ್ನು ಹಲಸಿನ ಮರದ ಬುಡದಲ್ಲಿ ನೆಟ್ಟ. ಅಲ್ಲಿ ಅವನಿಗೆ ಕೂರಲು ನೆರಳಿತ್ತು.

ಗಿಡಕ್ಕೆ ಗೊಬ್ಬರ ಬೇಕು, ನೀರು ಬೇಕು. ಕುಯ್ಲಿನ ದಿನಗಳಲ್ಲಿ ಒಬ್ಬ ಆಳು ಕೊಡಿ ಎಂದರೆ ಯಾರು ಕೊಡುತ್ತಾರೆ? ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿ ತಿಮ್ಮಯ್ಯನನ್ನು ಕೇಳಿದೆ. ಅವನು ಅಳತೆಗೋಲು ಹಿಡಿದು ಇನ್ನೂರು ಎಕರೆ ನಡೆಯುವವನು. "ಅದು ಯಾವ ಬ್ಲಾಕು ಮೇಷ್ಟ್ರೇ?" ಎಂದ. ತೋಟವನ್ನು ಅವರು ತುಂಡು ತುಂಡಾಗಿ ಮಾಡಿ ಬ್ಲಾಕ್ ಎನ್ನುತ್ತಾರೆ. ಮೇಲ್ ಬ್ಲಾಕು, ಹಳ್ಳದ ಬ್ಲಾಕು, ಹೀಗೆ. "ಅದು ಬ್ಲಾಕಲ್ಲ, ಮಕ್ಕಳ ತೋಟ" ಎಂದೆ. "ಬ್ಲಾಕಲ್ಲ ಅಂದ್ರೆ ಗೊಬ್ರ ಇಲ್ಲ, ನೀರಿಲ್ಲ. ನಂಗೆ ಬ್ಲಾಕ್ ಬಿಟ್ರೆ ಬೇರೆ ಗೊತ್ತಿಲ್ಲ" ಎಂದ.

ನಾನು ಗೌಡರ ಹತ್ತಿರ ಹೋಗಿ, ನಮ್ಮ ತೋಟವನ್ನೂ ಬ್ಲಾಕ್ ಮಾಡಬೇಕೆಂದು ಬರವಣಿಗೆಯಲ್ಲಿ ಮನವಿ ಕೊಟ್ಟೆ. ಎಲ್ಲರಿಗೂ ನಗು. ಗೌಡರು ಮಾತ್ರ ನಗಲಿಲ್ಲ, ಮೆಚ್ಚಿದರು. ಮಾರನೆಯ ಬೆಳಗ್ಗೆ ಆಫೀಸಿನ ಹಲಗೆಯ ಮೇಲೆ, ಎಲ್ಲ ಬ್ಲಾಕುಗಳ ಕೆಳಗೆ, ಸೀಮೆಸುಣ್ಣದಲ್ಲಿ 'ಮಕ್ಕಳ ಬ್ಲಾಕ್' ಎಂದು ಬಂತು. ಹತ್ತಡಿ, ಹನ್ನೆರಡಡಿ. ಅದಕ್ಕೆ ಹಾಜರಿ ಕೂಗುವುದೂ ಶುರುವಾಯಿತು. ಬೆಳಗ್ಗೆ ಆರೂವರೆಗೆ ಚಳಿಯಲ್ಲಿ ಆಳುಗಳ ಸಾಲಿನ ತುದಿಯಲ್ಲಿ ಜಾನಕಿ, ಶಂಕರ, ನಾನು. ತಿಮ್ಮಯ್ಯ "ಮಕ್ಕಳ ಬ್ಲಾಕ್" ಎಂದು ಕೂಗಿದರೆ ನಾವು ಮೂವರೂ "ಬಂದಿದೀವಿ" ಎನ್ನಬೇಕು. ಶಂಕರ ನೆಗಡಿಯಾದ ದಿನ ರಜೆ ಅರ್ಜಿ ಬರೆದ. ಅವನು ತಪ್ಪಿಲ್ಲದೆ ಬರೆದ ಮೊದಲ ಕನ್ನಡ ವಾಕ್ಯ ಅದೇ. ಬಿ.ಎ. ಪದವೀಧರನೊಬ್ಬ ಕೋಟು ತೊಟ್ಟು ಆಳುಗಳ ಸಾಲಿನಲ್ಲಿ ಹಾಜರಿ ಹೇಳುವುದು ಸರಿಯೇ ಎಂದು ನಾನು ಯೋಚಿಸಲಿಲ್ಲ. ಗೊಬ್ಬರ ಬಂತು, ನೀರು ಬಂತು, ಅಷ್ಟೇ ನನಗೆ ಸಾಕಾಗಿತ್ತು.

ಪ್ರತಿ ಸೋಮವಾರ ಜಾನಕಿ ಸೂರ್ಯಕಾಂತಿಗಳನ್ನು ಅಳೆದು ಬರೆಯುತ್ತಿದ್ದಳು. ಗಿಡದ ಜೊತೆ ತಾವೂ ಬೆಳೆಯುವುದನ್ನು ಮಕ್ಕಳು ನೋಡಲಿ ಎಂದು ಬಾಗಿಲಿನ ಚೌಕಟ್ಟಿನ ಮೇಲೆ ಇದ್ದಿಲಿನಲ್ಲಿ ಅವರ ಎತ್ತರವನ್ನೂ ಗುರುತು ಹಾಕಿಸಿದೆ. ಅಮ್ಮಾವ್ರು ಒದ್ದೆ ಬಟ್ಟೆಯಿಂದ ಜಾನಕಿಯ ಗುರುತನ್ನು ಮಾತ್ರ ಒರೆಸುತ್ತಿದ್ದರು.

"ಯಾಕೆ ಅಮ್ಮಾವ್ರೇ?"

"ಅಳೀಬೇಡಿ ಮೇಷ್ಟ್ರೇ. ಅಳೆದಷ್ಟೂ ಬೆಳೀತಾಳೆ. ಈಗ್ಲೇ ಹಿಂಗಿದಾಳೆ, ನಾಳೆ ಇವಳಿಗಿಂತ ಎತ್ತರದ ಗಂಡನ್ನ ನಾನೆಲ್ಲಿ ತರ್ಲಿ? ಈ ಯುಗಾದಿಗೆ ಪಾಠ ಸಾಕು ಮಾಡಿ. ಅಡಿಗೆಮನೆ ಕಲೀಲಿ."

ಇದು ಬರೀ ಮಾತಲ್ಲ ಎಂದು ಜಾನಕಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಚಿಕ್ಕಮಗಳೂರಿನಲ್ಲಿ ಅವಳ ಸೋದರಮಾವ ವಕೀಲರಿದ್ದರು. ಅವರ ಮನೆಯಲ್ಲಿದ್ದುಕೊಂಡು ಹೆಣ್ಣುಮಕ್ಕಳ ಶಾಲೆಗೆ ಹೋಗಬೇಕೆಂಬುದು ಅವಳ ಆಸೆ. ಮಾವನಿಗೆ ಒಪ್ಪಿಗೆಯಿತ್ತು. ಅಮ್ಮಾವ್ರಿಗೆ ಇರಲಿಲ್ಲ. ಗೌಡರು ನಡುವೆ ಸಿಕ್ಕಿಕೊಂಡು ಕೊನೆಗೆ ತಮ್ಮ ದಾರಿಯಲ್ಲೇ ತೀರ್ಪು ಕೊಟ್ಟರು.

"ತೋಟ ಅಂದ್ಮೇಲೆ ಫಸಲು ಕಾಣ್ಬೇಕು. ಶಿವರಾತ್ರಿ ಕಳೆದ ಮೇಲೆ ಭಾವ ಬರ್ತಾರೆ. ಅವತ್ತು ಇವಳು ತನ್ನ ಬ್ಲಾಕ್ ತೋರಿಸ್ಲಿ. ಹೂ ಬಿಟ್ಟಿದ್ರೆ, ಕಲ್ತಿದ್ದು ಹೇಳಿದ್ರೆ, ನಮ್ಮವ್ವನೂ ಹೂಂ ಅಂದ್ರೆ ಹೋಗ್ಲಿ. ಇಲ್ದಿದ್ರೆ ಪಾಠ ನಿಂತು ಹೋಗ್ಲಿ."

ಅವಳು ಗೆದ್ದರೆ ಚಿಕ್ಕಮಗಳೂರಿಗೆ ಹೋಗುತ್ತಾಳೆ, ನನ್ನ ಕೆಲಸ ಹೋಗುತ್ತದೆ. ಸೋತರೆ ಪಾಠ ನಿಲ್ಲುತ್ತದೆ, ಆಗಲೂ ನನ್ನ ಕೆಲಸ ಹೋಗುತ್ತದೆ. ತರ್ಕಶಾಸ್ತ್ರ ನನಗೆ ಉಪಯೋಗಕ್ಕೆ ಬಂದದ್ದು ಆ ಒಂದು ಸಲ.

ಗಿಡಗಳು ಚೆನ್ನಾಗಿ ಬಂದವು. ವಕೀಲರು ಬರುವ ಹಿಂದಿನ ದಿನ ಜಾನಕಿಯ ಇಪ್ಪತ್ತೊಂದೂ ಐದಡಿ ದಾಟಿ, ತುದಿಯಲ್ಲಿ ಹಸಿರು ಮೊಗ್ಗು ಬಿರಿದು ಅಂಚಿನಲ್ಲಿ ಹಳದಿ ಇಣುಕುತ್ತಿತ್ತು. ನಾಳೆ ಬೆಳಗ್ಗೆ ಅರಳುತ್ತವೆ ಎಂದು ಅವಳು ಪುಸ್ತಕದಲ್ಲಿ ಬರೆದಳು. ಶಂಕರನ ಗಿಡ ನೆರಳಿನಲ್ಲಿ ಮೂರಡಿಗೇ ನಿಂತು ಸೊರಗಿತ್ತು.

ಮಾರನೆಯ ಬೆಳಗ್ಗೆ ಅತಿಥಿಗಳು ಬರುತ್ತಾರೆಂದು ನಮಗೆ ಹಾಜರಿಯಿಂದ ವಿನಾಯಿತಿ ಸಿಕ್ಕಿತ್ತು. ವಕೀಲರು ಬಂದು, ಕಾಫಿ ಕುಡಿದು, ಎಲ್ಲರೂ ಸೇರಿ ಬಂಗಲೆಯ ಹಿಂದಕ್ಕೆ ಹೋದೆವು. ಅಮ್ಮಾವ್ರೂ ಬಂದರು. ಜಾನಕಿ ಮುಂದೆ ಓಡಿದವಳು ನಿಂತುಬಿಟ್ಟಳು.

ಇಪ್ಪತ್ತೊಂದು ಕಾಂಡಗಳು, ಒಂದಕ್ಕೂ ತಲೆಯಿಲ್ಲ. ಎಲ್ಲ ಒಂದೇ ಎತ್ತರಕ್ಕೆ, ದಾರ ಕಟ್ಟಿ ಕತ್ತರಿಸಿದ ಹಾಗೆ. ಮೊಗ್ಗುಗಳು ಬುಡದಲ್ಲಿ ಅಚ್ಚುಕಟ್ಟಾಗಿ ಗುಡ್ಡೆಯಾಗಿದ್ದವು. ಪಕ್ಕದಲ್ಲಿ ತಿಮ್ಮಯ್ಯ ಕತ್ತಿ ಒರೆಸುತ್ತ, ಕೆಲಸ ನೋಡಿ ಮೆಚ್ಚುತ್ತಾರೆಂದು ಕಾಯುತ್ತಿದ್ದ.

ಕುಯ್ಲು ಮುಗಿದ ಮೇಲೆ ಕಾಫಿ ಗಿಡಗಳ ತುದಿಯನ್ನು ನಾಲ್ಕೂವರೆ ಅಡಿಗೆ ಕತ್ತರಿಸುವುದು ವಾಡಿಕೆ, ಹಣ್ಣು ಕುಯ್ಯುವವರ ಕೈಗೆ ಎಟುಕಲಿ ಎಂದು. ಆ ವಾರ ಅದೇ ನಡೆಯುತ್ತಿತ್ತು. ಹಲಗೆಯ ಮೇಲೆ ಒಂದೊಂದೇ ಬ್ಲಾಕಿನ ಹೆಸರಿನ ಮುಂದೆ ಗೀಟು ಎಳೆಯುತ್ತ ಬಂದು, ಅವತ್ತು ಕೊನೆಯ ಹೆಸರಿಗೆ ಬಂದಿದ್ದರು.

ವಕೀಲರು ಮೊದಲು ಸುಧಾರಿಸಿಕೊಂಡರು. ಮೂಲೆಯಲ್ಲಿದ್ದ ಗೊಬ್ಬರದ ಬುಟ್ಟಿಯನ್ನು ಬೋರಲು ಹಾಕಿ ಕೂತು, ಕೋರ್ಟಿನ ದನಿಯಲ್ಲಿ ಶುರುಮಾಡಿದರು.

"ತಿಮ್ಮಯ್ಯ, ಇದು ಕಾಫಿ ಅಲ್ಲ ಅಂತ ನಿನಗೆ ಗೊತ್ತಿತ್ತೋ ಇಲ್ವೋ?"

"ಗೊತ್ತಿತ್ತು ಸ್ವಾಮಿ. ನಾನೇ ನೀರು ಹಾಕ್ಸಿದ್ದು."

"ಮತ್ತೆ ಯಾಕೆ ಕತ್ತರಿಸಿದಿ?"

"ಬ್ಲಾಕಲ್ಲಿತ್ತು ಸ್ವಾಮಿ."

"ಬ್ಲಾಕಲ್ಲಿ ಇರೋದನ್ನೆಲ್ಲ ಕತ್ತರಿಸ್ತೀಯೋ?"

"ನಾಲ್ಕೂವರೆ ಅಡಿ ಮೇಲಿದ್ರೆ. ಅದು ಕೆಳಗಿತ್ತು, ಮುಟ್ಲಿಲ್ಲ ನೋಡಿ" ಎಂದು ಶಂಕರನ ಸೊರಗಿದ ಗಿಡ ತೋರಿಸಿದ.

"ಮೇಷ್ಟ್ರು ಇಲ್ಲಿ ನಿಂತಿದ್ರೆ?"

ತಿಮ್ಮಯ್ಯ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ಯೋಚಿಸಿದ. "ಮೇಷ್ಟ್ರು ಒಂದ್ಕಡೆ ನಿಲ್ಲಲ್ಲ ಸ್ವಾಮಿ" ಎಂದ.

"ಇದನ್ನ ಬ್ಲಾಕ್ ಅಂತ ಮಾಡಿದ್ದು ಯಾರು?"

ಎಲ್ಲರೂ ನನ್ನನ್ನೇ ನೋಡಿದರು. "ನಾನು, ಬರವಣಿಗೆಯಲ್ಲಿ" ಎಂದೆ.

ಗೌಡರು ಮಾತ್ರ ತಮ್ಮ ಮೇಸ್ತ್ರಿಯ ಪರ ನಿಂತರು. "ಕೆಲಸ ನೀಟಾಗಿ ಮಾಡಿದಾನೆ ಬಿಡಿ ಭಾವ. ಒಂದಿಂಚು ಹೆಚ್ಚು ಕಮ್ಮಿ ಇಲ್ಲ. ತುದಿ ಕತ್ತರಿಸಿದ್ರೆ ಗಿಡಕ್ಕೆ ಒಳ್ಳೇದೇ. ಈಗ ಅಡ್ಡ ಕೊಂಬೆ ಹೊಡೆದು ಹೂ ಬಿಡುತ್ತೆ."

ಜಾನಕಿ ಪುಸ್ತಕ ತೆಗೆದು ಪೆನ್ಸಿಲಿನಲ್ಲಿ ಏನೋ ಬರೆದಳು. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

"ಬಿಡಲ್ಲ ಅಪ್ಪ" ಎಂದಳು. "ಕಾಫಿ ಅಡ್ಡ ಕೊಂಬೇಲಿ ಹಣ್ಣು ಬಿಡುತ್ತೆ. ಅದಕ್ಕೆ ತಲೆ ತೆಗೆದ್ರೂ ನಡೆಯುತ್ತೆ. ಇದಕ್ಕೆ ಇರೋದು ಒಂದೇ ಹೂವು, ಅದೂ ತಲೇಲೇ. ಹನ್ನೊಂದು ಸೋಮವಾರ ನೋಡಿದೀನಿ, ಇಪ್ಪತ್ತೊಂದು ಗಿಡದಲ್ಲಿ ಒಂದರಲ್ಲೂ ಅಡ್ಡ ಮೊಗ್ಗು ಬರ್ಲಿಲ್ಲ. ಎಲ್ಲ ಬರೆದಿದೆ." ಪುಟ ತಿರುಗಿಸಿ ಅಪ್ಪನ ಮುಂದೆ ಹಿಡಿದಳು. ಅವತ್ತಿನ ತಾರೀಖಿನ ಮುಂದೆ ಪೆನ್ಸಿಲಿನಲ್ಲಿ ಆಗ ತಾನೇ ಬರೆದಿದ್ದಳು: 'ಎಲ್ಲ ಗಿಡ ನಾಲ್ಕೂವರೆ ಅಡಿ. ಕಾರಣ, ಮೇಸ್ತ್ರಿ.'

ಗೌಡರು ಆ ಪುಟವನ್ನು ಸರಿಯಾಗಿ ಹಿಡಿದುಕೊಂಡು ನಿಧಾನಕ್ಕೆ ಓದಿದರು. ಇಪ್ಪತ್ತೈದು ವರ್ಷ ಕಾಫಿ ಬೆಳೆದವರು ಬುಡದಲ್ಲಿದ್ದ ಮೊಗ್ಗೊಂದನ್ನು ಎತ್ತಿಕೊಂಡು, ಕತ್ತರಿಸಿದ ಕಾಂಡದ ಮೇಲೆ ಇಟ್ಟು ನೋಡಿದರು. ಕೈ ಬಿಟ್ಟರು, ಬಿತ್ತು.

"ಎಂತ ಮಾಡಿದ್ಯೋ ಮಾರಾಯ" ಎಂದರು ತಿಮ್ಮಯ್ಯನಿಗೆ, ಮೆಲ್ಲಗೆ.

"ಫಸಲು ಕಾಣ್ದಿದ್ರೆ ಪಾಠ ನಿಲ್ಲಿ ಅಂತ ನೀನೇ ಹೇಳಿದ್ದೆ, ನಿಲ್ಸು" ಎಂದು ಅಮ್ಮಾವ್ರು ಹೇಳುತ್ತಾರೆಂದು ನಾನು ಕಾದೆ. ಅಮ್ಮಾವ್ರು ಬಾಗಿ, ಒಂದು ಕಾಂಡದ ಕತ್ತರಿಸಿದ ತುದಿಯನ್ನು ಬೆರಳಿನಿಂದ ಮುಟ್ಟಿದರು. ಅಂಟು ಅಂಟಾಗಿತ್ತು. ಸೆರಗಿಗೆ ಒರೆಸಿಕೊಂಡರು. ಆಮೇಲೆ ಆ ಸಾಲನ್ನು ನೋಡಿದರು, ಸಾಲಿನ ಪಕ್ಕ ನಿಂತ ಮೊಮ್ಮಗಳನ್ನು ನೋಡಿದರು. ಇಬ್ಬರೂ ಸುಮಾರು ಒಂದೇ ಎತ್ತರ ಇದ್ದರು, ಗಿಡ ಮತ್ತು ಹುಡುಗಿ.

"ನೀನೆಷ್ಟು ಅಡಿ ಇದೀಯೇ?"

"ನಾಲ್ಕಡಿ ಐದೂವರೆ ಇಂಚು ಅಜ್ಜಿ. ಬಾಗಿಲಲ್ಲಿ ನೀವು ಒರೆಸಿದ್ರಿ, ಪುಸ್ತಕದಲ್ಲಿದೆ."

ಅಮ್ಮಾವ್ರು ವಕೀಲರ ಕಡೆ ತಿರುಗಿದರು. "ಇನ್ನು ಅರ್ಧ ಇಂಚು ಉಳೀತು. ಈ ವಾರವೇ ಕರ್ಕೊಂಡು ಹೋಗಪ್ಪ. ಇಲ್ಲೇ ಇದ್ರೆ ಬ್ಲಾಕಲ್ಲಿದಾಳೆ ಅಂತ ಇವಳನ್ನೂ ಕತ್ತರಿಸ್ತಾರೆ" ಎಂದು ಒಳಗೆ ನಡೆದರು. ತಿಮ್ಮಯ್ಯ ನಗಬೇಕೋ ಬೇಡವೋ ಎಂದು ಗೌಡರ ಮುಖ ನೋಡಿದ. ಗೌಡರು ನಗುತ್ತಿರಲಿಲ್ಲ.

ಅಕ್ಕ ಇಲ್ಲದೆ ತಾನೊಬ್ಬನೇ ಹಾಜರಿ ಹೇಳುವುದಿಲ್ಲ ಎಂದು ಶಂಕರ ಹಟ ಹಿಡಿದು ಅವನೂ ಚಿಕ್ಕಮಗಳೂರಿಗೆ ಹೊರಟ. ಅವರು ಹೋದ ಹತ್ತು ದಿನಕ್ಕೆ ಹಲಸಿನ ಬುಡದ ಆ ಸೊರಗಿದ ಗಿಡ ಅಂಗೈಯಗಲದ ಹೂವೊಂದನ್ನು ಬಿಟ್ಟಿತು. ನಾಲ್ಕೂವರೆ ಅಡಿಯೊಳಗೆ ಇದ್ದರೆ ಯಾವ ಗಿಡಕ್ಕೂ ತೊಂದರೆಯಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿಯೆಂದು ತಿಮ್ಮಯ್ಯ ಬಂದವರಿಗೆಲ್ಲ ತೋರಿಸುತ್ತಿದ್ದನಂತೆ. ಅದನ್ನು ನೋಡಲು ನಾನಿರಲಿಲ್ಲ. ನನ್ನ ಪೆಟ್ಟಿಗೆಯನ್ನು ಆಗಲೇ ಗಾಡಿಗೆ ಹಾಕಿಯಾಗಿತ್ತು. ಹೊರಡುವಾಗ ಗೌಡರು ಇನ್ನೊಂದು ಸಲ ಕೈ ತೋರಿಸಲು ಹೇಳಿದರು. ಒತ್ತಿ ನೋಡಿ, "ಈಗ ಪರ್ವಾಗಿಲ್ಲ" ಎಂದರು.

ಆಮೇಲೆ ಕಳಸದ ಕಡೆ, ಸಂಸೆಯ ಕಡೆ ಇನ್ನೂ ನಾಲ್ಕು ಮನೆಗಳಲ್ಲಿ ಮಕ್ಕಳಿಂದ ತೋಟ ಮಾಡಿಸಿದೆ. ಯಾವ ಮನೆಗೆ ಹೋದರೂ ಮಕ್ಕಳನ್ನು ನೋಡುವ ಮೊದಲು ಮೇಸ್ತ್ರಿಯನ್ನು ನೋಡುತ್ತಿದ್ದೆ. ಅವನ ಅಳತೆಗೋಲು ಎಷ್ಟು ಉದ್ದ ಎಂದು ಕೇಳುತ್ತಿದ್ದೆ. ನಿಮ್ಮ ಎಂಟು ಪುಟದ ಕೊನೆಗೆ ಇದನ್ನೂ ಸೇರಿಸಿಕೊಳ್ಳಿ. ನಿಮ್ಮ ಶಾಲೆಯಲ್ಲಿ ಮೇಸ್ತ್ರಿ ಇರಲಿಕ್ಕಿಲ್ಲ. ಆದರೆ ಯಾರ ಕೈಯಲ್ಲೋ ಒಂದು ಕೋಲು ಇದ್ದೇ ಇರುತ್ತದೆ.

ಸುಬ್ಬೇಗೌಡರ ಎಸ್ಟೇಟು ಬಿಟ್ಟ ದಿನ ಮಧ್ಯಾಹ್ನ ನಾನು ಮನೆ ಸೇರಿದಾಗ ಅವ್ವ ಹಿತ್ತಲಲ್ಲಿ ಬದನೆ ಸಸಿಗೆ ಮಡಿ ಅಗೆಯುತ್ತಿದ್ದಳು. ಪೆಟ್ಟಿಗೆ ನೋಡಿ ಕೆಲಸ ನಿಲ್ಲಿಸಿದಳು.

"ಕೆಲ್ಸ ಹೋಯ್ತಾ?"

"ಹೋಯ್ತು."

"ಏನ್ ತಪ್ಪು ಮಾಡ್ದೆ?"

"ಬ್ಲಾಕ್ ಮಾಡ್ಸಿದೆ. ಹುಡುಗಿ ಓದೋಕೆ ಹೋದ್ಲು. ಅದಕ್ಕೆ ಹೋಯ್ತು."

ಅವ್ವ ಅದನ್ನು ಬಾಯಲ್ಲಿ ಹಾಕಿಕೊಂಡು ಅಗಿಯುವವಳ ಹಾಗೆ, "ಓದೋಕೆ ಹೋದ್ಲಾ" ಎಂದಳು. "ಹಂಗಾರೆ ಕೂತ್ಕೊಂಡು ಏನ್ ಮಾಡ್ತೀಯ, ಬಾ. ಆ ಕೋಟು ತೆಗಿ, ಬಿಸ್ಲಿದೆ."

ಕೋಟು ತೆಗೆದು ಬೇಲಿಗೆ ನೇತುಹಾಕಿ ಗುದ್ದಲಿ ತೆಗೆದುಕೊಂಡೆ. ಎರಡು ಸಾಲು ಅಗೆದು, ಸಸಿ ನೆಟ್ಟು, ಅವಳ ಮುಖ ನೋಡಿದೆ. ಅವ್ವ ಸೊಂಟದ ಮೇಲೆ ಕೈಯಿಟ್ಟು ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಹಾಯಿಸಿದಳು.

"ಬಿ.ಎ. ಸರಿ," ಎಂದಳು. "ಸಾಲು ಸೊಟ್ಟ ಇದೆ."